ದಂಡಿನ ಶಾನುಭೋಗ

ಕಳೆದ ತಿಂಗಳು ಅಕ್ಕನ ಮಗಳು ತಿರುವನಂತಪುರದಿಂದ ಫೋನ್ ಮಾಡಿದಳು. ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದಾಳೆ, ಪ್ರಿಲಿಮ್ಸ್ ಪಾಸಾಗಿದೆ. "ಮಾವಾ, ಫಾರ್ಮ್ ತುಂಬ್ಲಿಕ್ಕೆ ಕೂತಿದ್ದೇನೆ. ಸರ್ವಿಸ್‌ಗಳಿಗೆ ಒಂದು, ಎರಡು, ಮೂರು ಅಂತ ನಂಬರ್ ಹಾಕ್ಬೇಕು. ನಿಮ್ಮದಕ್ಕೆ ಎಷ್ಟು ಹಾಕ್ಲಿ?"

ಹೊರಗೆ ಜೋರು ಮಳೆ. ನಾನು ಅಡಿಕೆ ಸುಲಿಯುವವರಿಗೆ ಚಾ ತೆಗೆದುಕೊಂಡು ಹೊರಟಿದ್ದೆ. "ನಾನು ಹಾಕಿದ್ದು ಹದಿನಾಲ್ಕು," ಅಂದೆ. ಆಚೆ ಕಡೆ ಸದ್ದಿಲ್ಲ. ಮೂವತ್ತು ವರ್ಷಕ್ಕಿಂತ ಜಾಸ್ತಿ ಮಾಡಿದ ಕೆಲಸಕ್ಕೆ ಮಾವ ಹದಿನಾಲ್ಕನೇ ನಂಬರ್ ಕೊಟ್ಟಿದ್ದರು ಅಂತ ಅವಳಿಗೆ ಹೇಗೆ ಗೊತ್ತಿರಬೇಕು.

ನಿಜ ಹೇಳಬೇಕೆಂದರೆ ಆಗ ಅದು ಏನು ಅಂತಲೇ ನನಗೆ ತಿಳಿದಿರಲಿಲ್ಲ. ಪಟ್ಟಿಯಲ್ಲಿ ಹೆಸರಿತ್ತು, ಎದುರಿಗೆ ಸುಮ್ನೆ ಒಂದು ನಂಬರ್ ಬರೆದೆ. ಇಂಡಿಯನ್ ಡಿಫೆನ್ಸ್ ಎಸ್ಟೇಟ್ಸ್ ಸರ್ವಿಸ್. ಸಿಕ್ಕಿದ ಮೇಲೆ ಊರಿನಲ್ಲಿ ಹೇಳಿದರೆ ಯಾರಿಗೂ ಅರ್ಥವಾಗಲಿಲ್ಲ. ನಮ್ಮ ಕಡೆ ಎಸ್ಟೇಟ್ ಅಂದರೆ ಒಂದೋ ರಬ್ಬರ್, ಇಲ್ಲದಿದ್ದರೆ ಗೇರು. "ಮಿಲಿಟರಿಯವರಿಗೂ ರಬ್ಬರ್ ತೋಟ ಉಂಟಾ ಮಾರಾಯ?" ಅಂತ ಪಕ್ಕದ ಮನೆಯವರು ಕೇಳಿದ್ದರು. ಅಪ್ಪ ಕೂಡ ಮದುವೆ ಮನೆಗಳಲ್ಲಿ "ಮಗ ಡೆಲ್ಲಿಯಲ್ಲಿ ದೊಡ್ಡ ಆಫೀಸರ್" ಅಂತ ಹೇಳಿ ಅಲ್ಲಿಗೆ ಮಾತು ಮುಗಿಸುತ್ತಿದ್ದರು. ಇನ್ನು ಕೆಲವರಿಗೆ ಒಂದೇ ಪ್ರಶ್ನೆ, ಕ್ಯಾಂಟೀನಿನ ಬಾಟ್ಲಿ ಸಿಗ್ತದಾ ಇಲ್ಲವಾ.

ಅಜ್ಜ ಬದುಕಿದ್ದಿದ್ದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ದಂಡಿನ ಶಾನುಭೋಗ. ಅಷ್ಟೇ ಕೆಲಸ ಅದು.

ದಂಡು ಅಂದರೆ ಸೇನೆ, ಸೇನೆ ಬೀಡು ಬಿಟ್ಟ ಜಾಗವೂ ಹೌದು. ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್‌ನ ಹಲಗೆಯ ಮೇಲೆ ಕನ್ನಡದಲ್ಲಿ 'ಬೆಂಗಳೂರು ದಂಡು' ಅಂತ ಇರುವುದನ್ನು ನೋಡಿರುತ್ತೀರಿ. ಆ ದಂಡು 1809ರಲ್ಲಿ ಶುರುವಾದದ್ದು, ಸ್ವಾತಂತ್ರ್ಯ ಬಂದ ಮೇಲೆ ನಗರದ ಜೊತೆ ಸೇರಿಹೋಯಿತು. ದೇಶದ ಮೊದಲನೆಯದು 1765ರ ಬ್ಯಾರಕ್‌ಪುರ, ಕೋಲ್ಕತ್ತದ ಹತ್ತಿರ. ಈಗ ಕರ್ನಾಟಕದಲ್ಲಿ ಉಳಿದಿರುವುದು ಬೆಳಗಾವಿ ಒಂದೇ. ಕೇರಳದಲ್ಲೂ ಒಂದೇ, ನಮ್ಮ ಕಾಸರಗೋಡಿಗೆ ಹತ್ತಿರದ ಕಣ್ಣೂರು. ತಮಿಳುನಾಡಿನಲ್ಲಿ ಎರಡು, ಮಹಾರಾಷ್ಟ್ರದಲ್ಲಿ ಏಳು. ಇಡೀ ದೇಶದಲ್ಲಿ 62 ಇದ್ದವು. 2023ರಲ್ಲಿ ಹಿಮಾಚಲದ ಖಾಸ್ ಯೋಲ್ ಅನ್ನು ಪಟ್ಟಿಯಿಂದ ತೆಗೆದರು. ಆ ಕಥೆ ಮುಂದೆ ಬರುತ್ತದೆ.

ಸೇನೆಯವರ ಜಾಗದ ಲೆಕ್ಕ ಇಡುವವರು ಸೇನೆಯವರಲ್ಲ. ಇದೇ ಯಾರಿಗೂ ತಲೆಗೆ ಹೋಗದ ವಿಷಯ. ಯೂನಿಫಾರ್ಮ್ ಇಲ್ಲ, ಸೆಲ್ಯೂಟ್ ಇಲ್ಲ, ಬಂದೂಕು ಇಲ್ಲ. ಐಎಎಸ್, ಐಪಿಎಸ್‌ನವರು ಬರೆಯುವ ಅದೇ ಪರೀಕ್ಷೆ ಬರೆದು ಬಂದ ಸಿವಿಲಿಯನ್‌ಗಳು. ಕೆಲಸ ರಕ್ಷಣಾ ಸಚಿವಾಲಯದ ಕೆಳಗೆ. ಮೊದಲು ಇದರ ಹೆಸರು ಮಿಲಿಟರಿ ಲ್ಯಾಂಡ್ಸ್ ಅಂಡ್ ಕಂಟೋನ್ಮೆಂಟ್ಸ್ ಅಂತ ಇತ್ತು. ಆ ಹೆಸರೇ ಚೆನ್ನಾಗಿತ್ತು ಅಂತ ನನ್ನ ಅಭಿಪ್ರಾಯ. ಕನಿಷ್ಠ ರಬ್ಬರ್ ತೋಟ ಅಂತ ಯಾರೂ ತಿಳಿಯುತ್ತಿರಲಿಲ್ಲ.

ಜಾಗ ಎಷ್ಟು ಗೊತ್ತಾ? 2022ರ ಜನವರಿಯಲ್ಲಿ ಮುಗಿದ ಸರ್ವೆಯಲ್ಲಿ ಅಳೆದದ್ದು 17.78 ಲಕ್ಷ ಎಕರೆ. ನಮ್ಮ ಕಾಸರಗೋಡು ಜಿಲ್ಲೆ ಇಡೀ ಸೇರಿದರೆ ಐದು ಲಕ್ಷ ಎಕರೆಗೆ ಸ್ವಲ್ಪ ಕಡಿಮೆ. ಅಂಥ ಮೂರೂವರೆ ಜಿಲ್ಲೆ ಅಂತ ಇಟ್ಟುಕೊಳ್ಳಿ. ಅದೂ ಒಂದೇ ಕಡೆ ಇಲ್ಲ, ದೇಶದ ಉದ್ದಗಲಕ್ಕೆ ಚೂರು ಚೂರಾಗಿ. ಕಂಟೋನ್ಮೆಂಟ್‌ಗಳ ಒಳಗೆ ಇರುವುದು 1.61 ಲಕ್ಷ ಎಕರೆ ಮಾತ್ರ. ಉಳಿದದ್ದೆಲ್ಲ ಹೊರಗೆ: ಗುಂಡು ಹಾರಿಸುವ ರೇಂಜುಗಳು, ಏರ್‌ಫೀಲ್ಡುಗಳು, ಎರಡನೇ ಮಹಾಯುದ್ಧದಲ್ಲಿ ಅವಸರಕ್ಕೆ ಮಾಡಿ ಆಮೇಲೆ ಬಿಟ್ಟುಹೋದ ರನ್‌ವೇಗಳು, ಸೈನ್ಯ ನಡೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ದಾರಿಯಲ್ಲಿ ತಂಗುತ್ತಿದ್ದ ಪಡಾವು ಜಾಗಗಳು. ನಮ್ಮ ಜಿಲ್ಲೆ ದಾಟಿದ ಕೂಡಲೇ ಸಿಗುವ ಏಳಿಮಲೆಯ ನೌಕಾ ಅಕಾಡೆಮಿಯೂ ಹಾಗೆ, ಕಂಟೋನ್ಮೆಂಟ್ ಅಲ್ಲದ ರಕ್ಷಣಾ ಜಾಗ, 2,450 ಎಕರೆ ಆಸುಪಾಸು. ರೈಲಿನಲ್ಲಿ ಪಯ್ಯನ್ನೂರು ದಾಟುವಾಗ ಸಮುದ್ರದ ಕಡೆ ಆ ಗುಡ್ಡ ಕಂಡರೆ ನನಗೆ ಈಗಲೂ ಗುಡ್ಡ ಕಾಣುವುದಿಲ್ಲ, ಸರ್ವೆ ನಂಬರೇ ಕಾಣುತ್ತದೆ. ಕೆಲಸ ಬಿಟ್ಟರೂ ಚಾಳಿ ಬಿಡಲಿಲ್ಲ.

ಅಜ್ಜನ ವಿಷಯಕ್ಕೆ ಬರುತ್ತೇನೆ. ಅಜ್ಜ ಮದ್ರಾಸು ಸರ್ಕಾರದ ಕಾಲದ ಶಾನುಭೋಗರು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ಕ್ಕೆ ನಾವು ಕೇರಳ ಆದೆವು. ಅಜ್ಜ ಕೂತಲ್ಲಿಂದ ಏಳಲಿಲ್ಲ, ಅವರ ರಾಜ್ಯ ಮಾತ್ರ ಬದಲಾಯಿತು. ಮನೆಯ ಅಟ್ಟದಲ್ಲಿ ಅವರ ಸರಪಳಿ ಈಗಲೂ ಇದೆ, ತುಕ್ಕು ಹಿಡಿದಿದೆ. 66 ಅಡಿ, ನೂರು ಲಿಂಕು. ಚಿಕ್ಕವನಿದ್ದಾಗ ಅದರ ಇನ್ನೊಂದು ತುದಿ ಹಿಡಿದುಕೊಂಡು ಗುಡ್ಡೆಯಲ್ಲಿ ನಿಲ್ಲುವುದೇ ನನ್ನ ಕೆಲಸ. "ಎಳಿ ಮಗಾ, ಬಿಗಿಯಾಗಿ ಎಳಿ. ನೀನು ಸಡಿಲ ಬಿಟ್ಟರೆ ಯಾರದ್ದೋ ಎರಡು ಅಡಿಕೆ ಮರ ಯಾರಿಗೋ ಹೋಗ್ತದೆ" ಅನ್ನುತ್ತಿದ್ದರು.

ನಮ್ಮಲ್ಲಿ ಕುಮ್ಕಿ ಅಂತ ಒಂದುಂಟು. ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ವರ್ಗ ಜಾಗದ, ಅಂದರೆ ಕಂದಾಯ ಕಟ್ಟುವ ಸ್ವಂತ ಜಾಗದ, ಗಡಿಯಿಂದ 45 ಕೋಲು, ಅಂದರೆ ನೂರು ಗಜದವರೆಗಿನ ಸರ್ಕಾರಿ ಗುಡ್ಡೆಯಲ್ಲಿ ನೀವು ಸೊಪ್ಪು ಕಡಿಯಬಹುದು, ದನ ಮೇಯಿಸಬಹುದು, ಕಟ್ಟಿಗೆ ತರಬಹುದು. ತಲೆಮಾರುಗಳಿಂದ ಹಾಗೆ. ಆದರೆ ಜಾಗ ಸರ್ಕಾರದ್ದು, ನಿಮ್ಮದಲ್ಲ. ಮೊದಲನೇ ತಲೆಮಾರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಎರಡನೆಯವರು ಅಲ್ಲಿ ನಾಲ್ಕು ಗೇರು ಗಿಡ ನೆಡುತ್ತಾರೆ. ಮೂರನೆಯವರು ಬೇಲಿ ಹಾಕಿ "ಇದು ಅಜ್ಜನ ಕಾಲದ್ದು" ಅನ್ನುತ್ತಾರೆ.

ಮಸ್ಸೂರಿಯ ಫೌಂಡೇಶನ್ ಕೋರ್ಸ್ ಮುಗಿದು, ಡೆಲ್ಲಿಯಲ್ಲಿ ನಮ್ಮ ಸರ್ವಿಸ್‌ನ ತರಬೇತಿಗೆ ಕೂತಾಗ ಒಬ್ಬರು ಹಿರಿಯರು ಓಲ್ಡ್ ಗ್ರಾಂಟ್ ಎಂದರೇನು ಅಂತ ಪಾಠ ಮಾಡಿದರು. ಜೊತೆಯವರೆಲ್ಲ ತಲೆ ಕೆರೆದುಕೊಂಡರು. ನನಗೆ ಹತ್ತು ನಿಮಿಷದಲ್ಲಿ ಹೊಳೆಯಿತು. ಅಯ್ಯೋ, ಇದು ಕುಮ್ಕಿ!

ವಿಷಯ ಇಷ್ಟು. ಕಂಪನಿ ಸರ್ಕಾರಕ್ಕೆ ತನ್ನ ಆಫೀಸರುಗಳಿಗೆಲ್ಲ ಮನೆ ಕಟ್ಟಿಸಿಕೊಡಲು ಮನಸ್ಸಿರಲಿಲ್ಲ. ದಂಡಿನ ಜಾಗದಲ್ಲಿ ನೀವೇ ಬಂಗಲೆ ಕಟ್ಟಿಕೊಳ್ಳಿ ಅಂದಿತು. ಬಂಗಾಳದ ಕಡೆಗೆ 1836ರಲ್ಲಿ ಗವರ್ನರ್ ಜನರಲ್ ಹೊರಡಿಸಿದ 179ನೇ ನಂಬರ್ ಆರ್ಡರ್ ಇದಕ್ಕೆ ಮೂಲ, ಬೊಂಬಾಯಿ ಮತ್ತು ಮದ್ರಾಸಿಗೆ ಬೇರೆ ಆರ್ಡರುಗಳಿದ್ದವು. ಕಟ್ಟಡ ನಿಮ್ಮದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಕೆಳಗಿನ ನೆಲ ಮಾತ್ರ ಸರ್ಕಾರದ್ದು. ಬೇಕಾದಾಗ ಒಂದು ತಿಂಗಳ ನೋಟಿಸು ಕೊಟ್ಟು, ಕಟ್ಟಡದ ಬೆಲೆ ಕೊಟ್ಟು, ವಾಪಸು ತೆಗೆದುಕೊಳ್ಳಬಹುದು. ಕರ್ನಲ್ ಸಾಹೇಬ ಊರಿಗೆ ಹೋಗುವಾಗ ಬಂಗಲೆಯನ್ನು ಒಬ್ಬ ಸೇಠಿಗೆ ಮಾರಿದ. ಸೇಠು ಇನ್ನೊಬ್ಬರಿಗೆ. ನಾಲ್ಕು ಎಕರೆ ಕಾಂಪೌಂಡು, ಹಳೇ ಮಾವಿನ ಮರಗಳು, ಹೆಂಚಿನ ಮಾಡು, ಸುತ್ತ ಜಗಲಿ. ಈಗಿನ ಮೊಮ್ಮಗನ ಕೈಯಲ್ಲಿ ರಿಜಿಸ್ಟರ್ ಆದ ಕ್ರಯಪತ್ರ ಇರುತ್ತದೆ, ಅದರಲ್ಲಿ 'ಜಾಗ ಸಹಿತ' ಅಂತಲೂ ಬರೆದಿರುತ್ತದೆ. ಅವನಿಗೆ ನೀವು "ಸ್ವಾಮೀ, ನೆಲ ನಿಮ್ಮದಲ್ಲ" ಅಂತ ಹೇಳಬೇಕು. ನನ್ನ ನೌಕರಿಯ ಅರ್ಧ ಭಾಗ ಈ ಒಂದು ವಾಕ್ಯವನ್ನು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ದನಿಯಲ್ಲಿ ಹೇಳುವುದರಲ್ಲೇ ಕಳೆಯಿತು.

ಆ ಮಾತಿಗೆ ಆಧಾರ ಒಂದು ಪುಸ್ತಕ. ಜನರಲ್ ಲ್ಯಾಂಡ್ ರಿಜಿಸ್ಟರ್, ನಮ್ಮ ಬಾಯಲ್ಲಿ ಜಿಎಲ್‌ಆರ್. ಎರಡೂ ಕೈ ಬಳಸಿ ಎತ್ತಬೇಕಾದಷ್ಟು ಭಾರ, ಬಟ್ಟೆಯ ರಟ್ಟು, ಒಳಗೆ ಗೆದ್ದಲು ತಿಂದ ಅಂಚು. ಸರ್ವೆ ನಂಬರ್, ವಿಸ್ತೀರ್ಣ, ವರ್ಗ, ಯಾರ ಸುಪರ್ದಿ, ಒಡೆಯ ಯಾರು, ಅನುಭೋಗದಲ್ಲಿ ಯಾರು ಅಂತ ಕಲಂಗಳು. ಒಡೆಯ ಎಂಬ ಕಲಂನಲ್ಲಿ ಸರ್ಕಾರದ ಹೆಸರು, ಪಕ್ಕದಲ್ಲೇ ಅನುಭೋಗದಾರನ ಹೆಸರು. ಈ ಎರಡು ಕಲಂಗಳ ಮಧ್ಯೆ ಇರುವ ಒಂದು ಗೆರೆಗಾಗಿ ಮೂರು ತಲೆಮಾರು ಕೋರ್ಟಿಗೆ ಹೋದ ಮನೆಗಳನ್ನು ನೋಡಿದ್ದೇನೆ. 1999ರಲ್ಲಿ ಸುಪ್ರೀಂ ಕೋರ್ಟ್ ಸಾಗರ್ ಕಂಟೋನ್ಮೆಂಟಿನ ಒಂದು ಬಂಗಲೆ ಕೇಸಿನಲ್ಲಿ ಈ ಪುಸ್ತಕದ ನಮೂದಿಗೆ ಬೆಲೆ ಕೊಟ್ಟಿತು. ಆ ಸಾಗರ್ ಮಧ್ಯಪ್ರದೇಶದ್ದು, ನಮ್ಮ ಶಿವಮೊಗ್ಗದ ಸಾಗರ ಅಲ್ಲ. ಆಮೇಲೆ ನಮ್ಮ ಆಫೀಸುಗಳಲ್ಲಿ ಆ ತೀರ್ಪಿನ ಜೆರಾಕ್ಸ್ ಇಲ್ಲದ ಫೈಲೇ ಇರಲಿಲ್ಲ.

ಈ ಪುಸ್ತಕದಲ್ಲಿ ಬರುವ ಜಾಗದ ವರ್ಗಗಳನ್ನು ಬೇಗ ಹೇಳಿಬಿಡುತ್ತೇನೆ. ಎ-1 ಸೇನೆ ಬಳಸುತ್ತಿರುವ ಜಾಗ. ಎ-2 ಸೇನೆಗಾಗಿ ಖಾಲಿ ಇಟ್ಟದ್ದು. ಬಿ-1 ಕೇಂದ್ರದ ಬೇರೆ ಇಲಾಖೆಗಳದ್ದು, ಬಿ-2 ರಾಜ್ಯ ಸರ್ಕಾರದ್ದು. ಬಿ-3 ಅಂದರೆ ಈ ಬಂಗಲೆಗಳು ಮತ್ತು ಲೀಸುಗಳು, ಎಲ್ಲ ತಲೆನೋವಿನ ತವರು. ಬಿ-4 ಬೇರೆ ಯಾವುದಕ್ಕೂ ಸೇರದ ಖಾಲಿ ಜಾಗ, ಪುಢಾರಿಗಳ ಕಣ್ಣೆಲ್ಲ ಇದರ ಮೇಲೆ. ಸಿ ಅಂದರೆ ಕಂಟೋನ್ಮೆಂಟ್ ಬೋರ್ಡಿಗೆ, ಅಂದರೆ ದಂಡಿನ ಮುನಿಸಿಪಾಲಿಟಿಗೆ, ಬಿಟ್ಟ ರಸ್ತೆ, ಚರಂಡಿ, ಮಾರ್ಕೆಟ್. ಲೀಸುಗಳಲ್ಲಿ 30 ವರ್ಷ, ಮತ್ತೆ 30, ಮತ್ತೆ 30 ಅಂತ ಹೋಗುವವು ಉಂಟು. 1937ರ ನಿಯಮದ ಕೆಳಗೆ ಶುರುವಿಗೆ ಕೊಟ್ಟ ಅಂಥವುಗಳಿಗೆ ತೊಂಬತ್ತು ಮುಗಿಯುವ ಹೊತ್ತು ಈಗ ಬಂದಿದೆ. ಮೂಲಗೇಣಿ, ಚಾಲಗೇಣಿ ಗೊತ್ತಿರುವ ನಮ್ಮೂರಿನವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಒಂದು ಕಲ್ಲಿನ ಕಥೆ ಹೇಳಲೇಬೇಕು.

ಉತ್ತರದ ಕಡೆಯ ಪೋಸ್ಟಿಂಗ್. ಹಳೇ ರಸ್ತೆಯ ಬದಿಯಲ್ಲಿ ಒಂದು ಪಡಾವು ಜಾಗ. ಪುಸ್ತಕದಲ್ಲಿ 9 ಎಕರೆ, ನೆಲದ ಮೇಲೆ ಹೇಗೆ ಅಳೆದರೂ 6. ಎರಡು ದಿನ ಹುಡುಕಿದೆವು. ನಾಲ್ಕು ಮೂಲೆಯ ಗಡಿಕಲ್ಲುಗಳಲ್ಲಿ ಮೂರು ಸಿಕ್ಕವು, ನಾಲ್ಕನೆಯದು ಇಲ್ಲ. ಮೂರನೇ ದಿನ ಮಧ್ಯಾಹ್ನ ಬಿಸಿಲಿಗೆ ಸೋತು ಒಂದು ಮನೆಯ ಬೇವಿನ ಮರದ ಕೆಳಗೆ ಕೂತೆವು. ಅಂಗಳದಲ್ಲಿ ಮುದುಕಿಯೊಬ್ಬರು ಬಟ್ಟೆ ಒಗೆಯುತ್ತಿದ್ದರು. ನಮ್ಮ ಚೈನ್‌ಮ್ಯಾನ್ ನೀರು ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟು ಸುಮ್ಮನೆ ಆ ಒಗೆಯುವ ಕಲ್ಲನ್ನೇ ನೋಡತೊಡಗಿದ. ಆಮೇಲೆ ಎದ್ದು ಹೋಗಿ ಅಜ್ಜಿಯ ಹತ್ತಿರ ಕೇಳಿ, ಒಲೆಯಿಂದ ಇದ್ದಿಲಿನ ಪುಡಿ ತಂದು ಕಲ್ಲಿನ ಪಕ್ಕಕ್ಕೆ ಉಜ್ಜಿದ. ಸಾಬೂನು ತಿಂದು ನುಣ್ಣಗಾದ ಕಲ್ಲಿನಲ್ಲಿ ಕಪ್ಪಗೆ ಎರಡು ಅಕ್ಷರ ಎದ್ದು ಬಂದವು. ಬಿ. ಪಿ. ಬೌಂಡರಿ ಪಿಲ್ಲರ್. ಕೆಳಗೆ ನಂಬರ್ 4.

ಕಲ್ಲು ಯಾರೂ ಹೊತ್ತು ತಂದದ್ದಲ್ಲ, ಇದ್ದಲ್ಲೇ ಇತ್ತು. ಮನೆಯೇ ಅದರ ಸುತ್ತ ಬೆಳೆದಿತ್ತು. ನಾನು ನನ್ನ ಹರಕು ಹಿಂದಿಯಲ್ಲಿ ಅಜ್ಜಿಗೆ ವಿವರಿಸಿದೆ. ಇದು ಸರ್ಕಾರದ ಕಲ್ಲು, ಇಲ್ಲಿಂದ ಆಚೆ ಸೇನೆಯ ಜಾಗ ಅಂತ. ಅವರು ನೀರು ಹಿಂಡುತ್ತಾ ಎಲ್ಲ ಕೇಳಿದರು. "ನನ್ನ ಅತ್ತೆಯೂ ಇದರ ಮೇಲೇ ಒಗೆದದ್ದು. ನಿಮ್ಮದಾದರೆ ತೆಗೆದುಕೊಂಡು ಹೋಗು ಮಗಾ. ಆದರೆ ಸಂಜೆಯೊಳಗೆ ನನಗೆ ಬೇರೆ ಕಲ್ಲು ಹಾಕಿಸಿಕೊಡು."

ತೆಗೆಯುವ ಹಾಗಿಲ್ಲವಲ್ಲ, ಗಡಿಕಲ್ಲು. ಅಲ್ಲೇ ಸುಣ್ಣ ಬಳಿದು ಕೆಂಪು ಬಣ್ಣದಲ್ಲಿ ನಂಬರ್ ಬರೆಸಿ ಬಂದೆವು. ಆರು ತಿಂಗಳ ನಂತರ ಹೋದವರು ಹೇಳಿದರು, ಬಣ್ಣ ಎಲ್ಲ ಹೋಗಿದೆ, ಒಗೆಯುವುದು ನಡೆದಿದೆ ಅಂತ. ಆ ಮೂರು ಎಕರೆಯ ಫೈಲು ನಾನು ಅಲ್ಲಿಂದ ಹೊರಡುವವರೆಗೂ ಮುಗಿಯಲಿಲ್ಲ. ಒತ್ತುವರಿ ಎಂದರೆ ಪೇಪರಿನಲ್ಲಿ ಓದುವಾಗ ಯಾರೋ ರೌಡಿಗಳು ಬೇಲಿ ಹಾಕಿದ ಚಿತ್ರ ಬರುತ್ತದೆ ಅಲ್ವಾ? ಅಂಥದ್ದೂ ಉಂಟು, ನೋಡಿದ್ದೇನೆ, ಅವರನ್ನು ಎಬ್ಬಿಸಿದ್ದೇನೆ, ಅದರ ಬಗ್ಗೆ ನನಗೆ ಒಂದಿಷ್ಟೂ ಬೇಜಾರಿಲ್ಲ. ಆದರೆ ಜಾಸ್ತಿ ಇರುವುದು ಈ ಅಜ್ಜಿಯಂಥವರ ಅಂಗಳಗಳು.

ನಮ್ಮಲ್ಲಿ ಎರಡು ಬಗೆಯ ಕುರ್ಚಿ. ಒಂದು ಡಿಫೆನ್ಸ್ ಎಸ್ಟೇಟ್ಸ್ ಆಫೀಸರ್, ಅದು ಪೂರ್ತಿ ಜಾಗದ ಕೆಲಸ. ಭೂಸ್ವಾಧೀನ, ಲೀಸು, ಬಾಡಿಗೆ, ತೆರವು. ಇನ್ನೊಂದು ಕಂಟೋನ್ಮೆಂಟ್ ಬೋರ್ಡಿನ ಸಿಇಒ. ಈಗಿನ ಹುಡುಗರು ಸಿಇಒ ಅಂದರೆ ಸ್ಟಾರ್ಟಪ್ ಅಂದುಕೊಳ್ಳುತ್ತಾರೆ. ನನ್ನ ಸ್ಟಾರ್ಟಪ್ಪಿನಲ್ಲಿ ಬೆಳಿಗ್ಗೆ ಐದೂವರೆಗೆ ಮೊದಲ ಫೋನು ನೀರಿನ ಬಗ್ಗೆ. ಆಮೇಲೆ ಬೀದಿ ದೀಪ, ಬೀದಿ ನಾಯಿ, ಕಸದ ಲಾರಿ, ಶಾಲೆಯ ಮಾಸ್ತರರ ರಜೆ, ಆಸ್ಪತ್ರೆಗೆ ಔಷಧಿ, ಮಟನ್ ಅಂಗಡಿಯ ಲೈಸೆನ್ಸು, ಜನನ ಮರಣದ ಸರ್ಟಿಫಿಕೇಟು. ಸಾಮಾನ್ಯ ಮುನಿಸಿಪಾಲಿಟಿ ಏನೆಲ್ಲ ಮಾಡುತ್ತದೋ ಅದೆಲ್ಲ. ಜೊತೆಗೆ ಯಾರಾದರೂ ಮನೆಗೆ ಒಂದು ರೂಮು ಸೇರಿಸಬೇಕಾದರೂ ನೆಲ ಯಾವ ವರ್ಗದ್ದು ಅಂತ ಪುಸ್ತಕ ನೋಡಬೇಕು.

ಬೋರ್ಡಿನ ಅಧ್ಯಕ್ಷರು ಆ ಸ್ಟೇಷನ್ನಿನ ಕಮಾಂಡರ್, ಹೆಚ್ಚಾಗಿ ಬ್ರಿಗೇಡಿಯರ್. ನಮ್ಮ ಕಾಲದಲ್ಲಿ ಉಪಾಧ್ಯಕ್ಷರು ಜನರಿಂದ ಆರಿಸಿ ಬಂದವರು. ನಾವು ಸದಸ್ಯ ಕಾರ್ಯದರ್ಶಿ. ಒಂದು ಕಡೆ ಹನ್ನೊಂದು ಗಂಟೆ ಎಂದರೆ ಹತ್ತು ಐವತ್ತೈದಕ್ಕೇ ಕೂತಿರುವ ಬ್ರಿಗೇಡಿಯರ್. ಇನ್ನೊಂದು ಕಡೆ ಹನ್ನೊಂದು ಎಂದರೆ ಹನ್ನೆರಡಕ್ಕೆ, ಅದೂ ಇಪ್ಪತ್ತು ಜನ ಬೆಂಬಲಿಗರ ಜೊತೆ ಬರುವ ವಾರ್ಡ್ ಮೆಂಬರ್. ಮಧ್ಯದಲ್ಲಿ ಅಜೆಂಡಾ ಕಾಗದ ಹಿಡಿದು ನಾವು. ಬ್ರಿಗೇಡಿಯರ್ ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಒಬ್ಬರಿಗೆ ಪಾರ್ಕ್ ಆಗಬೇಕು, ಇನ್ನೊಬ್ಬರಿಗೆ ಭದ್ರತೆಗೆ ರಸ್ತೆ ಮುಚ್ಚಬೇಕು. ರಸ್ತೆ ಮುಚ್ಚಿದರೆ ಆಚೆ ಕಾಲೋನಿಯ ಮಕ್ಕಳು ಶಾಲೆಗೆ ಎರಡು ಮೈಲಿ ಸುತ್ತಬೇಕು. ಈ ರಸ್ತೆಗಳ ಜಗಳ ಎಷ್ಟು ಬೆಳೆಯಿತು ಎಂದರೆ 2018ರಲ್ಲಿ ರಕ್ಷಣಾ ಸಚಿವಾಲಯವೇ ಮುಚ್ಚಿದ ರಸ್ತೆಗಳನ್ನು ತೆರೆಯಿರಿ ಅಂತ ಹೇಳಬೇಕಾಯಿತು. ಎರಡೂ ಕಡೆಯವರಿಗೆ ನಾವು ಇನ್ನೊಂದು ಕಡೆಯವರು. ಸೇನೆಯವರಿಗೆ ನಾವು ಸಿವಿಲ್‌ನವರು, ಬಜಾರಿನವರಿಗೆ ಮಿಲಿಟರಿಯವರು. ಕಾಸರಗೋಡಿನವನಾದ ನನಗೆ ಇದು ಅಭ್ಯಾಸದ ವಿಷಯ. ತಿರುವನಂತಪುರದಲ್ಲಿ ಕನ್ನಡದವನು, ಬೆಂಗಳೂರಿನಲ್ಲಿ ಕೇರಳದವನು.

ನಾನು ಮಾಡಿದ ತಪ್ಪೊಂದನ್ನು ಅಕ್ಕನ ಮಗಳಿಗೆ ಹೇಳಿದೆ, ಇಲ್ಲೂ ಬರೆಯುತ್ತೇನೆ. ಊರಿನ ಹೆಸರು ಬೇಡ. 1990ರ ದಶಕ, ಸಿಇಒ ಆಗಿ ನನ್ನ ಎರಡನೇ ವರ್ಷ. ಬಜಾರಿನ ಹಿಂದಿನ ಗಲ್ಲಿಯಲ್ಲಿ ಒಂದು ಮನೆಯವರು ಅನುಮತಿ ಇಲ್ಲದೆ ಜಗಲಿ ಕಟ್ಟಿದ್ದರು. ಆಗ ಇದ್ದದ್ದು 1924ರ ಕಂಟೋನ್ಮೆಂಟ್ ಕಾಯ್ದೆ, ಅದರ 185ನೇ ಸೆಕ್ಷನ್ನಿನಲ್ಲಿ ನೋಟಿಸು ಕೊಟ್ಟೆವು. ಉತ್ತರ ಇಲ್ಲ. ಅವಧಿ ಮುಗಿಯಿತು. ಕೆಡವಿದೆವು. ನಾನೇ ನಿಂತು ಕೆಡವಿಸಿದ್ದು, ಹೊಸ ಆಫೀಸರ್, ಕೈ ಚುರುಕು. ಮನೆಯ ಹೆಂಗಸು ಬಾಗಿಲಲ್ಲಿ ನಿಂತು ನೋಡಿದರು, ಕೂಗಲೂ ಇಲ್ಲ, ಅಳಲೂ ಇಲ್ಲ. ನಾಲ್ಕು ತಿಂಗಳಿಗೆ ಕೋರ್ಟಿನಲ್ಲಿ ಗೊತ್ತಾಯಿತು, ನೋಟಿಸು ಹೋಗಿದ್ದು ಅವರ ಗಂಡನ ಹೆಸರಿಗೆ, ಗಂಡ ತೀರಿ ಎರಡು ವರ್ಷ ಆಗಿತ್ತು. ಮರಣ ನೋಂದಣಿ ಎಲ್ಲಿ ಆಗಿದ್ದು? ನಮ್ಮದೇ ಆಫೀಸಿನಲ್ಲಿ. ನೋಟಿಸು ಟೈಪ್ ಮಾಡಿದ ಮೇಜಿನಿಂದ ಎರಡು ಮೇಜು ಆಚೆ.

ಜಗಲಿಯನ್ನು ಬೋರ್ಡಿನ ಖರ್ಚಿನಲ್ಲಿ ಮತ್ತೆ ಕಟ್ಟಿಸಿಕೊಡಬೇಕಾಯಿತು. ಕ್ಷಮೆ ಕೇಳಲು ಹೋದಾಗ ಅವರು ಒಂದು ಕುರ್ಚಿ ಹಾಕಿದರು, ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಕಾಲು ಗಂಟೆ ಹೊಸ ಜಗಲಿಯಲ್ಲಿ ಒಬ್ಬನೇ ಕೂತು ಎದ್ದು ಬಂದೆ. ಅಲ್ಲಿಂದ ಮುಂದೆ ಯಾವ ಊರಿಗೆ ಹೋದರೂ ನೋಟಿಸಿಗೆ ಸಹಿ ಹಾಕುವ ಮೊದಲು ಮರಣದ ರಿಜಿಸ್ಟರ್ ತರಿಸಿ ನೋಡುತ್ತಿದ್ದೆ. ಗುಮಾಸ್ತರು ನನ್ನ ಬೆನ್ನ ಹಿಂದೆ ನಗುತ್ತಿದ್ದರು, ನಗಲಿ.

ಒಳ್ಳೆಯ ದಿನಗಳೂ ಇದ್ದವು. ನೀಲಗಿರಿಯ ವೆಲ್ಲಿಂಗ್ಟನ್ ಕಂಟೋನ್ಮೆಂಟಿಗೆ ಒಮ್ಮೆ ಕೆಲಸದ ಮೇಲೆ ಹೋಗಿದ್ದೆ. ಅಲ್ಲಿನ ಹಳೇ ಹೆಸರು ಜಕ್ಕತಲ್ಲ. ಬಡಗರ ಊರು ಅದು, 1850ರ ದಶಕದಲ್ಲಿ ಬ್ಯಾರಕ್ ಕಟ್ಟಿದ ಮೇಲೆ ವೆಲ್ಲಿಂಗ್ಟನ್ ಆಯಿತು. ಬಸ್ ಸ್ಟಾಪಿನಲ್ಲಿ ಇಬ್ಬರು ಹೆಂಗಸರು ಬಡಗ ಮಾತಾಡುತ್ತಿದ್ದರು. ಅರ್ಧಕ್ಕರ್ಧ ಅರ್ಥವಾಗುತ್ತಿದೆ! ಎಲ್ಲೋ ಹಳಗನ್ನಡ ಮೇಷ್ಟರ ಪಾಠ ಕೇಳಿದ ಹಾಗೆ. ಕದ್ದು ಕೇಳುವುದು ತಪ್ಪು, ಆದರೆ ನಾನು ಎರಡು ಬಸ್ ಬಿಟ್ಟೆ.

ಫಾರ್ಮ್‌ಗೆ ಇನ್ನೂ ದಿನ ಇತ್ತು, ಅಕ್ಕನ ಮಗಳು ಊರಿಗೆ ಬಂದಳು. ಬಾಯಲ್ಲಿ ಹೇಳುವುದಕ್ಕಿಂತ ನೋಡುವುದು ಒಳ್ಳೆಯದು ಅಂತ ಬೆಳಗಿನ ಪರಶುರಾಮ್ ಎಕ್ಸ್‌ಪ್ರೆಸ್ಸಿನಲ್ಲಿ ಕಣ್ಣೂರಿಗೆ ಕರೆದುಕೊಂಡು ಹೋದೆ. ಸೈಂಟ್ ಆಂಜೆಲೋ ಕೋಟೆ ನೋಡಿದೆವು. 1505ರಲ್ಲಿ ಪೋರ್ಚುಗೀಸರು ಕಟ್ಟಿದ್ದು, ಆಮೇಲೆ ಡಚ್ಚರು, ಅರಕ್ಕಲ್ ರಾಜಮನೆತನದವರು, ಇಂಗ್ಲಿಷರು, ಈಗ ಪುರಾತತ್ವ ಇಲಾಖೆ. ನನಗೆ ಬೇಕಾಗಿದ್ದು ಕೋಟೆಯಲ್ಲ, ಸುತ್ತಲಿನ ರಸ್ತೆಗಳು. ಪೇಟೆಯ ಗದ್ದಲದಿಂದ ದಂಡಿನ ರಸ್ತೆಗೆ ತಿರುಗಿದರೆ ಒಮ್ಮೆಲೇ ದೊಡ್ಡ ಮರಗಳು, ಸುಣ್ಣ ಹೊಡೆದ ಅಂಚುಕಲ್ಲು, ಹಾರ್ನ್ ಇಲ್ಲ. "ಮಾವಾ, ಇಲ್ಲಿ ಕಾರ್ಪೊರೇಷನ್ ಮುಗಿದದ್ದು ಎಲ್ಲಿ?" ಅಂತ ಅವಳೇ ಕೇಳಿದಳು. 2015ರಲ್ಲಿ ಕಣ್ಣೂರು ಕಾರ್ಪೊರೇಷನ್ ಆದಾಗ ಸುತ್ತಲಿನ ಕೆಲವು ಪಂಚಾಯತುಗಳು ಅದರೊಳಗೆ ಹೋದವು, ಈ ತುಂಡು ಮಾತ್ರ ಹೊರಗೆ ಉಳಿಯಿತು.

ಒಂದು ಬೇಲಿಯ ಹತ್ತಿರ ರಕ್ಷಣಾ ಜಮೀನು, ಪ್ರವೇಶ ನಿಷೇಧ ಅನ್ನುವ ಬೋರ್ಡು. ಅವಳು ಕೊಡೆ ನನ್ನ ಕೈಗೆ ಕೊಟ್ಟು ಫೋಟೋ ತೆಗೆದಳು. "ಇದನ್ನೆಲ್ಲ ಯಾರು ಬರೆಯುವುದು?"

"ನನ್ನಂಥವರು. ಟೆಂಡರ್ ಕರೆದು."

ಬೇಕರಿಯಲ್ಲಿ ಚಾ ಕುಡಿಯುತ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀನು ಸೇರುವ ಹೊತ್ತಿಗೆ ಈ ಕೆಲಸ ನಾನು ಮಾಡಿದ ಹಾಗೆ ಇರುವುದಿಲ್ಲ. ಖಾಸ್ ಯೋಲ್‌ನಿಂದ ಶುರುವಾಗಿದೆ, ಕಂಟೋನ್ಮೆಂಟುಗಳ ಸಿವಿಲ್ ಭಾಗಗಳನ್ನು ಪಕ್ಕದ ನಗರಸಭೆಗಳಿಗೆ ಸೇರಿಸುವ ಮಾತು ನಡೆಯುತ್ತಿದೆ. 2023ರ ಏಪ್ರಿಲ್‌ಗೆ ಅಂತ ಘೋಷಿಸಿದ್ದ ಬೋರ್ಡ್ ಚುನಾವಣೆಯನ್ನು ಮಾರ್ಚ್‌ನಲ್ಲೇ ರದ್ದು ಮಾಡಿದರು. ನೀರು, ದೀಪ, ನಾಯಿ ಹೋದರೆ ಹೋಗಲಿ. ನನಗೆ ಮಾತ್ರ ಬೇಜಾರಾಗುತ್ತದೆ, ಯಾಕೆಂದರೆ ಜನರ ಮುಖ ನೋಡುತ್ತಿದ್ದದ್ದು ಆ ಕುರ್ಚಿಯಲ್ಲೇ. ಉಳಿಯುವುದು ಜಾಗ. ಅದನ್ನೀಗ ಡ್ರೋನ್, ಸ್ಯಾಟಲೈಟ್ ಚಿತ್ರ ಇಟ್ಟುಕೊಂಡು ಅಳೆಯುತ್ತಾರೆ. ರಿಜಿಸ್ಟರುಗಳು 2011ರಲ್ಲೇ 'ರಕ್ಷಾ ಭೂಮಿ' ಎಂಬ ಸಾಫ್ಟ್‌ವೇರ್ ಒಳಗೆ ಹೋದವು. 2021ರಲ್ಲಿ ಜನರಿಗಾಗಿ 'ಇ-ಛಾವಣಿ' ಅಂತ ವೆಬ್‌ಸೈಟ್ ಬಂತು. ಹಿಂದಿಯಲ್ಲಿ ಛಾವಣಿ ಅಂದರೆ ದಂಡು. ನನ್ನ ಹೆಂಡತಿ ಮಾತ್ರ ಮನೆಯ ಮಾಡು ರಿಪೇರಿಗೆ ಅರ್ಜಿ ಹಾಕುವ ಜಾಗ ಅಂತ ಖುಷಿಪಟ್ಟಿದ್ದಳು. ನಮ್ಮ ಕ್ವಾರ್ಟರ್ಸ್ ಸೋರುತ್ತಿದ್ದದ್ದು ನೋಡಿದರೆ ಅವಳದ್ದು ತಪ್ಪಲ್ಲ.

"ಹಾಗಾದ್ರೆ ನಂಬರ್?" ಅಂತ ಮತ್ತೆ ಕೇಳಿದಳು.

ಹೇಳಲಿಲ್ಲ. ನಾನು ಒಂದು ಹೇಳಿದರೆ ನಾಳೆ ಅವಳು ಯಾವುದೋ ಪಡಾವಿನಲ್ಲಿ ಬಿಸಿಲಿಗೆ ನಿಂತು ನನಗೆ ಬೈಯುತ್ತಾಳೆ. ಇಪ್ಪತ್ತು ಹೇಳಿದರೆ ನನ್ನ ಮೂವತ್ತು ವರ್ಷಕ್ಕೆ ನಾನೇ ಬೈದುಕೊಂಡ ಹಾಗೆ.

ವಾಪಸು ಬರುವಾಗ ರೈಲಿನಲ್ಲಿ ತುಂಬ ಹೊತ್ತು ಸುಮ್ಮನಿದ್ದಳು. ಚಂದ್ರಗಿರಿ ಹೊಳೆ ದಾಟುವಾಗ ಕೇಳಿದಳು, "ಮಾವಾ, ನಮ್ಮ ಮನೆ ಹಿಂದಿನ ಗುಡ್ಡೆ ವರ್ಗದ್ದಾ, ಕುಮ್ಕಿಯಾ?"

"ನಿನ್ನ ಅಪ್ಪನ ಹತ್ರ ಕೇಳು."

"ಅಪ್ಪ ನಮ್ಮದೇ ಅಂತಾರೆ."

"ಎಲ್ಲರೂ ಹಾಗೇ ಅನ್ನುವುದು," ಅಂದೆ.

ಮರುದಿನ ನಮ್ಮ ಅಟ್ಟ ಹತ್ತಿ ಅಜ್ಜನ ಸರಪಳಿ ಇಳಿಸಿಕೊಂಡು ಹೋದಳು. ತುಕ್ಕು ತೆಗೆಯಲು ತೆಂಗಿನೆಣ್ಣೆ ಬೇರೆ ಕೇಳಿದಳು. ಟೇಪ್ ಇದೆ ಮಾರಾಯ್ತಿ ಅಂದರೆ ಕೇಳಲಿಲ್ಲ. ಹೋದ ವಾರ ಫೋನ್ ಬಂತು. ಫಾರ್ಮ್ ಕಳಿಸಿದ್ದಾಳೆ. ನಂಬರ್ ಎಷ್ಟು ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

"ಮಾವಾ, ಗುಡ್ಡೆಯಲ್ಲಿ ಸರ್ವೆ ಕಲ್ಲು ಸಿಕ್ಕಿತು, ಪೊದೆಯ ಒಳಗೆ. ಅಪ್ಪ ಹೊಸತಾಗಿ ಕಟ್ಟಿಸಿದ ದನದ ಹಟ್ಟಿ ಉಂಟಲ್ಲ, ಅದು ಹನ್ನೊಂದು ಲಿಂಕು ಆಚೆ ಉಂಟು."

ಭಾವನಿಗೆ ಇನ್ನೂ ಹೇಳಿಲ್ಲವಂತೆ.